ಹಂಡ್ಯಾನ ಕೊರಳ ಕೊರಡು

ನಾನು ಒಂದು ಜಾಲಿಯ ಕೊರಡು. ಮೊಳ ಉದ್ದ, ಮುಂಗೈ ದಪ್ಪ, ನಡುವೆ ಒಂದು ತೂತು. ತಮ್ಮ ಕಥೆ ಹೇಳುವವರು ಹುಟ್ಟನ್ನು ದೊಡ್ಡದು ಮಾಡಿಯೇ ಶುರು ಮಾಡುತ್ತಾರೆ. ನನ್ನ ಹುಟ್ಟಿನಲ್ಲಿ ಅಂಥದ್ದೇನೂ ಇಲ್ಲ. ಘಟಪ್ರಭಾ ಹೊಳೆಯ ಕಡೆಯ ಎರೆಹೊಲದ ಬದುವಿನಲ್ಲಿ ಒಂದು ಕರಿಜಾಲಿ ಮರವಿತ್ತು. ಕುರಿ ಕಾಯುವ ಮಾಳಪ್ಪ ತನ್ನ ಕೊಡಲಿಗೆ ಹೊಸ ಕಾವು ಬೇಕೆಂದು ಅದರ ಟೊಂಗೆಯೊಂದನ್ನು ಕಡಿದ. ಕಾವು ಮಾಡಿ ಮಿಕ್ಕಿದ್ದು ನಾನು.

ನಾನು ಗಂಟುಗಂಟಾದ ಕಟ್ಟಿಗೆ, ಸಿಟ್ಟಿನ ಜಾತಿ. ಒಲೆಗೆ ಹಾಕಿದರೆ ಸಿಡಿಯುತ್ತೇನೆ, ಕೆತ್ತಲು ಹೋದರೆ ಬಾಚಿಯ ಬಾಯಿ ಮುಕ್ಕಾಗುತ್ತದೆ. ಮಾಳಪ್ಪನೂ ಅಂಥವನೇ. ನಲವತ್ತೈದರ ಆಳು, ಎದೆ ಅಗಲ, ಮಾತು ಒರಟು. ಸಿಟ್ಟು ಬಂದರೆ ತನ್ನ ರುಮಾಲನ್ನೇ ತೆಗೆದು ನೆಲಕ್ಕೆ ಬಡಿಯುವವನು. ಅವನು ಕಬ್ಬಿಣದ ಸರಳನ್ನು ಕೆಂಪಗೆ ಕಾಯಿಸಿ ನನ್ನ ನಡುವಿಗೆ ಚುಚ್ಚಿ ತೂತು ಮಾಡಿದಾಗ ನಾನು ಹೊಗೆ ಬಿಟ್ಟೆನೇ ಹೊರತು ಬಿರುಕು ಬಿಡಲಿಲ್ಲ. ‘ಮಗನಾ, ಗಟ್ಟಿ ಅದಿ’ ಎಂದ. ನನಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಕೊರಡು ಏನು ಮಾಡುತ್ತದೆ ಎಂದು ತಿಳಿಯದವರಿಗೆ ಹೇಳಿಬಿಡುತ್ತೇನೆ. ಮಾತು ಕೇಳದೆ ಓಡುವ ಆಡಿಗೋ ಕರುವಿಗೋ ನಾಯಿಗೋ ಕೊರಳಿಗೆ ಹಗ್ಗ ಕಟ್ಟಿ, ಅದರ ತುದಿಗೆ ನನ್ನಂಥ ತುಂಡನ್ನು ಅಡ್ಡಲಾಗಿ ತೂಗಬಿಡುತ್ತಾರೆ, ಸರಿಯಾಗಿ ಮುಂಗಾಲಿನ ಮೊಣಕಾಲಿನ ಮಟ್ಟಕ್ಕೆ. ಪ್ರಾಣಿ ನಡೆದರೆ ನಾನು ಸುಮ್ಮನೆ ತೂಗುತ್ತೇನೆ. ಓಡಿದರೆ ಮೊಣಕಾಲಿಗೆ ಬಡಿಯುತ್ತೇನೆ. ನನಗೆ ಗೊತ್ತಿರುವ ವಿದ್ಯೆ ಅದೊಂದೇ.

ಮೊದಲು ನನ್ನನ್ನು ಕಟ್ಟಿದ್ದು ಒಂದು ಕೆಂಪು ಆಡಿಗೆ. ಕಂಡವರ ಜೋಳದ ಹೊಲಕ್ಕೆ ನುಗ್ಗಿ ಮಾಳಪ್ಪನಿಗೆ ಬೈಗುಳ ತಿನ್ನಿಸುತ್ತಿದ್ದ ಕಳ್ಳಿ. ಹದಿನೈದೇ ದಿನದಲ್ಲಿ ಅದು ಮದುಮಗಳ ಹಾಗೆ ನೆಲ ನೋಡಿ ನಡೆಯಲು ಕಲಿಯಿತು. ಆಮೇಲೆ ಬೇರೆ ಕುರಿಯವರು ನನ್ನನ್ನು ಕೇಳಿ ಒಯ್ಯತೊಡಗಿದರು. ಒಂದು ಹೋರಿಗರು, ಹಾಯುವ ಒಂದು ಟಗರು, ಮತ್ತೆರಡು ಆಡು. ಯಾರ ಕೊರಳಿಗೆ ಹೋದರೂ ಕೆಲಸ ಮುಗಿಸಿ ಬಂದೆ. ‘ಮಾಳಪ್ಪನ ಕೊರಡ ಬಾಳ ಶಾಣ್ಯಾ ಐತಿ’ ಎಂದು ಮಂದಿ ಅಂದರೆ ನಾನು ಉಬ್ಬುತ್ತಿದ್ದೆ. ಬಡಿಯುವುದನ್ನೇ ಕಲಿಸುವುದು ಎಂದುಕೊಂಡಿದ್ದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಹಂಡ್ಯಾ ಮಾಳಪ್ಪನ ಹಿಂಡಿನ ನಾಯಿ. ಬಿಳಿ ಮೈಯ ಮೇಲೆ ಕಪ್ಪು ಹಂಡ, ಅಂದರೆ ದೊಡ್ಡ ಮಚ್ಚೆ, ಇದ್ದದ್ದಕ್ಕೆ ಆ ಹೆಸರು. ಕುರಿಯವರು ಒಂದು ಊರಿನಲ್ಲಿ ನಿಲ್ಲುವವರಲ್ಲ. ಇಂದು ಒಬ್ಬರ ಹೊಲದಲ್ಲಿ ಬಲೆ ಕಟ್ಟಿ ಕುರಿ ಕೂಡಿಹಾಕುತ್ತಾರೆ, ನಾಲ್ಕು ದಿನ ಬಿಟ್ಟು ಇನ್ನೊಬ್ಬರ ಹೊಲ. ಸಾಮಾನೆಲ್ಲ ಕುದುರೆಯ ಬೆನ್ನ ಮೇಲೆ. ಮರಿಯಾಗಿದ್ದಾಗ ಹಂಡ್ಯಾನೂ ಆ ಹೇರಿನ ಮೇಲೆ ಎಳೆಯ ಕುರಿಮರಿಗಳ ನಡುವೆ ಕುಳಿತು ಸವಾರಿ ಮಾಡುತ್ತಿತ್ತು. ಮಾಳಪ್ಪನ ಹೆಂಡತಿ ಹೊಳೆವ್ವ ಬೆರಳಿಗೆ ಕುರಿಹಾಲು ಹಚ್ಚಿ ನೆಕ್ಕಿಸಿ ಅದನ್ನು ಬೆಳೆಸಿದಳು. ನಾಲ್ಕು ತಿಂಗಳಿಗೆ ಅದು ಮಾಳಪ್ಪನ ಧ್ವನಿ ಕೇಳಿದರೆ ಸಾಕು, ಕಿವಿ ಹಾರಿಸಿಕೊಂಡು ಬಂದು ಅವನ ಕಾಲಿಗೆ ಬೀಳುತ್ತಿತ್ತು. ಅವನು ‘ಹಂಡ್ಯಾ’ ಎಂದು ಕರೆಯುವಾಗ ಆ ಒರಟು ಗಂಟಲಿನಲ್ಲಿ ಎಲ್ಲಿಂದಲೋ ಒಂದು ಮೆತ್ತನೆ ಬರುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಅದನ್ನು ಅವರು ಆಡುತ್ತಿರಲಿಲ್ಲ, ನಾನೂ ಹೆಚ್ಚು ಆಡುವುದಿಲ್ಲ.

ಎಂಟು ತಿಂಗಳು ತುಂಬಿದ್ದೇ ತಡ, ನಾಯಿ ಬೇರೆಯೇ ಆಯಿತು. ಕಾಲುಗಳು ಮೈಯನ್ನು ಮೀರಿ ಬೆಳೆದವು. ಬುದ್ಧಿ ಹಿಂದೆ ಉಳಿಯಿತು. ನಿನ್ನೆ ಕೇಳುತ್ತಿದ್ದ ಕಿವಿ ಇವತ್ತು ಕೇಳಿಸದು. ಕೆರ ಕಡಿಯಿತು, ಬಲೆಯ ಹಗ್ಗ ಕಡಿಯಿತು, ಬುಟ್ಟಿಯೊಳಗಿನ ರೊಟ್ಟಿ ತಿಂದಿತು. ಹುಟ್ಟಿದಾಗಿನಿಂದ ಕಂಡ ಕಂಬಳಿಯನ್ನೇ ಒಂದು ದಿನ ಗುರುತು ಸಿಗದೆ ಬೊಗಳಿ, ಹೆದರಿ, ಕುದುರೆಯ ಹಿಂದೆ ಅಡಗಿತು. ಕುರಿಮರಿಗಳನ್ನು ಆಟಕ್ಕೆ ಅಟ್ಟಿಸಿಕೊಂಡು ಹೋಗುತ್ತಿತ್ತು. ಅವು ಓಡಿ ಓಡಿ ಏದುಸಿರು ಬಿಡುವವರೆಗೆ ಬಿಡುತ್ತಿರಲಿಲ್ಲ.

‘ಇದಕ್ಕ ಮಸ್ತಿ ಬಂದೈತಿ’ ಎಂದ ಮಾಳಪ್ಪ.

‘ಹರೇ ಬಂದೈತಿ’ ಎಂದಳು ಹೊಳೆವ್ವ. ‘ಹರೇದಾಗ ನೀವೇನ ಕಮ್ಮಿ ಇದ್ರೇನ? ನಿಮ್ಮವ್ವ ಒಂದ ಕೂಗ ಕರದ್ರ ಹೊಳಿ ದಂಡಿಗೆ ಹೋಗಿ ಕುಂದ್ರತಿದ್ರಿ.’

‘ನನಗ ನಾಯಿಗೆ ಸರಿ ಮಾಡತಿಯೇನ?’

‘ಇಲ್ರಿ. ನಾಯಿಗೆ ಇನ್ನೂ ತಿದ್ದಕೊಳ್ಳೂ ವಯಸ್ಸೈತಿ.’

ಮಾಳಪ್ಪನ ಕೈ ರುಮಾಲಿಗೆ ಹೋಗಿ ಹಿಂದಕ್ಕೆ ಬಂತು. ಮರುದಿನ ನನ್ನನ್ನು ಹಂಡ್ಯಾನ ಕೊರಳಿಗೆ ಕಟ್ಟಿದ.

ಆಗ ಪಕ್ಕದ ಹೊಲದಲ್ಲಿ ಹಿಂಡು ಬಿಟ್ಟಿದ್ದ ಮುದುಕ ಜಕ್ಕಪ್ಪ ಬಂದು ಹಗ್ಗದ ಉದ್ದ ನೋಡಿದ. ಅರವತ್ತು ವರ್ಷ ಕುರಿಯ ಹಿಂದೆ ನಡೆದವನು ಅವನು. ‘ತಮ್ಮಾ, ಮುಂಜಾನಿ ಕಟ್ಟು, ಸಂಜಿಗಿ ಬಿಚ್ಚು. ತಿಂಗಳ ಮ್ಯಾಲ ಒಂದ ದಿನಾನೂ ಬ್ಯಾಡ. ಕೊರಡ ನಾಯಿನ ನಿಂದ್ರಸಬೇಕು, ಮುರೀಬಾರದು’ ಎಂದ.

‘ಗೊತ್ತೈತಿ ಬಿಡೋ ಕಾಕಾ’ ಎಂದ ಮಾಳಪ್ಪ. ಗೊತ್ತಿತ್ತು ಕೂಡ. ಗೊತ್ತಿದ್ದೇ ತಪ್ಪು ಮಾಡಿದವನು ಅವನು. ಬಡಿಯುವುದೊಂದನ್ನು ಬಿಟ್ಟರೆ ಏನೂ ಗೊತ್ತಿಲ್ಲದೆ ಮಾಡಿದವನು ನಾನು.

ಮೊದಲ ಹತ್ತು ದಿನ ಎಲ್ಲ ಸರಿ ಇತ್ತು. ಹಂಡ್ಯಾ ಮರಿಗಳ ಹಿಂದೆ ನೆಗೆದರೆ ನಾನು ಬಡಿಯುತ್ತಿದ್ದೆ. ಅದು ನಿಂತು, ಕೆಳಗೆ ನೋಡಿ, ನನ್ನನ್ನು ಮೂಸುತ್ತಿತ್ತು. ‘ಯಾರು ನೀನು’ ಎಂಬಂತೆ. ಹಿಂಡಿನ ಜೊತೆ ಹೆಜ್ಜೆ ಹಾಕಲು ಕಲಿಯಿತು. ಸಂಜೆ ಮಾಳಪ್ಪ ಹತ್ತಿರ ಹೋಗಿ ನನ್ನನ್ನು ಬಿಚ್ಚುತ್ತಿದ್ದ. ಆಗ ಅದು ಮೈಕೊಡವಿ ಹೊಲವನ್ನೆಲ್ಲ ಸುತ್ತು ಹಾಕಿ ಬರುತ್ತಿತ್ತು. ಇನ್ನು ಇಪ್ಪತ್ತು ದಿನ ಹೀಗೇ ಹೋಗಿದ್ದರೆ ನನ್ನ ಕಥೆ ಹೇಳುವಂಥದ್ದೇ ಆಗುತ್ತಿರಲಿಲ್ಲ.

ಹನ್ನೊಂದನೆಯ ದಿನದ ಹೊಲ ಒಬ್ಬ ಗೌಡರದು. ಗೌಡರು ಬದುವಿನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು, ಸುತ್ತ ನಾಲ್ಕು ಮಂದಿ. ಹಂಡ್ಯಾ ಹೊಲದ ಆ ತುದಿಯಲ್ಲಿ ಹೆಗ್ಗಣದ ಬಿಲ ಕೆದರುತ್ತಿತ್ತು. ಗೌಡರಿಗೆ ತನ್ನ ನಾಯಿಯ ಶಿಸ್ತು ತೋರಿಸೋಣವೆಂದು ಮಾಳಪ್ಪ ದೊಡ್ಡ ಧ್ವನಿಯಲ್ಲಿ ಕರೆದ.

ಹಂಡ್ಯಾ ತಲೆ ಎತ್ತಿತು. ಅಷ್ಟು ದಿನ ಕೊರಡು ಕಟ್ಟಿದಾಗ ಅವನು ಅದನ್ನು ದೂರದಿಂದ ಕರೆದಿರಲಿಲ್ಲ. ಹೆಸರು ಕೇಳಿದ್ದೇ ಅದಕ್ಕೆ ಹಳೆಯ ಖುಷಿ ಉಕ್ಕಿತು. ನಾನು ಇರುವುದನ್ನೇ ಮರೆತು ಓಡಿತು. ನಾನು ಬಡಿದೆ, ಎಡ ಮೊಣಕಾಲಿನ ಚಿಪ್ಪಿಗೆ. ಕುಂಯ್ ಎಂದು ನಿಂತಿತು. ಮತ್ತೆ ಹೊರಟಿತು, ಮತ್ತೆ ಬಡಿದೆ. ಅರ್ಧ ದಾರಿಯಲ್ಲಿ ಕುಳಿತುಬಿಟ್ಟಿತು.

ಈ ಕಡೆಯಿಂದ ನೋಡುವವರಿಗೆ ಕಂಡದ್ದು ಇಷ್ಟೇ: ಒಡೆಯ ಕರೆದ, ನಾಯಿ ಬರಲಿಲ್ಲ.

ಗೌಡರು ಎಲೆ ಉಗುಳಿ ನಕ್ಕರು. ‘ಮಾಳಪ್ಪಾ, ನಿನ್ನ ನಾಯಿಗಿಂತ ನಮ್ಮ ಎಮ್ಮಿ ಚಲೋ ಐತಿ ನೋಡು. ಕರದ್ರ ಬರದಿದ್ರೂ ಹೂಂ ಅಂತಾದ್ರೂ ಅಂತೈತಿ.’

ಸುತ್ತಲಿದ್ದವರೂ ನಕ್ಕರು. ಮಾಳಪ್ಪನ ಕುತ್ತಿಗೆಯ ನರ ಎದ್ದು ನಿಂತಿತು. ಅವನು ನಡುವಿಗೆ ಒಂದು ಸಣ್ಣ ಚೀಲ ಕಟ್ಟಿಕೊಂಡಿರುತ್ತಿದ್ದ. ಅದರೊಳಗೆ ಭಂಡಾರ, ಅಂದರೆ ಕುಲದೇವರು ಮಾಳಿಂಗರಾಯನ ಅರಿಶಿನಪುಡಿ. ಅದನ್ನು ಮುಟ್ಟಿ ಆಡಿದ ಮಾತನ್ನು ಅವನ ಕುಲದಲ್ಲಿ ಯಾರೂ ಹಿಂದೆ ತೆಗೆದುಕೊಂಡದ್ದಿಲ್ಲ. ಮಾಳಪ್ಪ ಆ ಚೀಲಕ್ಕೆ ಕೈ ಹಾಕಿದ.

‘ಮಾಳಿಂಗರಾಯನ ಭಂಡಾರದ ಆಣಿ. ಈ ನಾಯಿ ನಾ ಕರದಾಗ ಓಡಿ ಬಂದು ನನ್ನ ಕಾಲಾಗ ನಿಂದ್ರೂ ತನಕ ಇದರ ಕೊಳ್ಳಾಗಿನ ಕೊರಡ ಬಿಚ್ಚಂಗಿಲ್ಲ.’

ಓಡಿದರೆ ಬಡಿಯುವ ಕೊರಡನ್ನು ಕಟ್ಟಿ, ಬಿಚ್ಚಬೇಕಾದರೆ ಓಡಿ ಬಾ ಎಂದ ಮನುಷ್ಯ. ಅದು ಅವನಿಗೆ ಹೊಳೆಯಲಿಲ್ಲ. ಸಿಟ್ಟು ಬಂದಾಗ ಏನು ಹೊಳೆಯುತ್ತದೆ?

ರೊಟ್ಟಿ ಬಡಿಯುತ್ತಿದ್ದ ಹೊಳೆವ್ವನಿಗೆ ಸುದ್ದಿ ಮುಟ್ಟಿತು. ಅವಳು ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ. ‘ಮಳಿಗಿ ಆಣಿ ಮಾಡಿದವರನ್ನ ಕೇಳೇನಿ, ಜಗಳಕ್ಕ ಆಣಿ ಮಾಡಿದವರನ್ನ ಕೇಳೇನಿ. ನಾಯಿ ಮ್ಯಾಲ ಭಂಡಾರದ ಆಣಿ ಮಾಡಿದ ಗಂಡಸನ್ನ ಇವತ್ತ ನೋಡಿದೆ’ ಎಂದಳು.

ಅವತ್ತು ಸಂಜೆ ನನ್ನನ್ನು ಬಿಚ್ಚಲಿಲ್ಲ. ಮರುದಿನವೂ ಇಲ್ಲ. ಮಾಳಪ್ಪ ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ ನಾಯಿಯನ್ನು ಕರೆಯತೊಡಗಿದ. ಅದನ್ನು ಪಳಗಿಸುವುದು ಎಂದುಕೊಂಡಿದ್ದ. ಅವನಿಗೂ ಬೇಗ ಬಿಚ್ಚಬೇಕೆಂಬ ಆಸೆಯೇ ಇತ್ತು, ಸುಳ್ಳು ಹೇಳುವುದಿಲ್ಲ. ಒಂದು ಸಲ ಬಂದರೆ ಸಾಕು, ಆಣೆ ತೀರುತ್ತದೆ. ಅದಕ್ಕೇ ಅಷ್ಟು ಸಲ ಕರೆದ. ಕರೆದಾಗಲೆಲ್ಲ ಹಂಡ್ಯಾ ಎದ್ದಿತು, ಓಡಿತು, ಪೆಟ್ಟು ತಿಂದಿತು. ಮೂರನೆಯ ದಿನ ಹೆಸರು ಕೇಳಿದರೆ ಎದ್ದು ನಿಂತದ್ದು ಅಲ್ಲೇ ನಿಂತಿತು. ಐದನೆಯ ದಿನ ಏಳಲೇ ಇಲ್ಲ. ವಾರ ತುಂಬುವ ಹೊತ್ತಿಗೆ ಹೆಸರು ಕಿವಿಗೆ ಬಿದ್ದೊಡನೆ ಮೈಯನ್ನು ನೆಲಕ್ಕೆ ಒತ್ತಿಕೊಂಡು ಹಿಂದೆ ಸರಿಯುತ್ತಿತ್ತು. ಹೆಸರು ಮಾಳಪ್ಪನ ಬಾಯಿಂದ ಬರುತ್ತಿತ್ತು, ಪೆಟ್ಟು ನನ್ನಿಂದ ಬೀಳುತ್ತಿತ್ತು. ನಾಯಿ ಎರಡನ್ನೂ ಒಂದೇ ಎಂದುಕೊಂಡಿತು. ಅದರ ತಪ್ಪೇನು?

ಒಂದು ಮಧ್ಯಾಹ್ನ ಹೊಳೆವ್ವ ನೆಲದ ಮೇಲೆ ಕುಳಿತು, ಬಾಯಿ ಬಿಚ್ಚದೆ, ರೊಟ್ಟಿಯ ಚೂರನ್ನು ಅಂಗೈಯಲ್ಲಿಟ್ಟು ಚಾಚಿದಳು. ಹಂಡ್ಯಾ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ನಡೆದು ಬಂದು ತಿಂದಿತು. ನಡೆದು ಬಂದದ್ದರಿಂದ ನಾನು ಬಡಿಯಲಿಲ್ಲ.

‘ಹಿಂಗ ಕುಂತು ನೋಡ್ರಿ ಒಮ್ಮಿ’ ಎಂದಳು ಗಂಡನಿಗೆ.

‘ನಾ ನಾಯಿ ಮುಂದ ಕುಂದ್ರಬೇಕೇನ? ನಡದ ಬಂದ್ರ ನಡಿಯಂಗಿಲ್ಲ. ಓಡಿ ಬರಬೇಕು ಅಂತ ಆಡೇನಿ.’

‘ಆಡೀರಿ. ನೀವ ಆಡಿದ್ದಕ್ಕ ಅದರ ಮೊಣಕಾಲ ನೋಡ್ರಿ ಹೆಂಗಾಗ್ಯಾವು.’

ಅವನು ನೋಡಲಿಲ್ಲ. ನೋಡಿದರೆ ಬಿಚ್ಚಬೇಕಾಗುತ್ತದೆ, ಬಿಚ್ಚಿದರೆ ಆಣೆ ಮುರಿಯುತ್ತದೆ. ಅದಕ್ಕೆ ನೋಡದೆ ಎದ್ದು ಹೋದ. ಅಂಥ ಹೆದರಿಕೆಯನ್ನು ಗಂಡಸರು ಹಟ ಎಂದು ಕರೆಯುತ್ತಾರೆ.

ಇನ್ನು ಹೇಳಬೇಕಾದದ್ದು ನನಗೆ ಎಲ್ಲಕ್ಕಿಂತ ಕಷ್ಟದ್ದು.

ಹೊಲ ಬದಲಿಸುವ ದಿನ. ಹೊಳೆವ್ವ ಕುದುರೆ ಹಿಡಿದು ಮುಂದೆ ಹೋಗಿದ್ದಳು. ಹಿಂಡು ಕಾಲುವೆಯ ದಂಡೆ ಹಿಡಿದು ಸಾಗುತ್ತಿತ್ತು. ಹಿಂದಿನ ದಿನ ಹುಟ್ಟಿದ ಒಂದು ಮರಿ ತಾಯಿಯನ್ನು ಬಿಟ್ಟು ನೀರಿನ ಕಡೆಗೆ ತೊದಲುಗಾಲಿನಲ್ಲಿ ಹೊರಟಿತು. ಮಾಳಪ್ಪ ಹಿಂಡಿನ ಆಚೆ ಬದಿಗಿದ್ದ, ಕಾಣಲಿಲ್ಲ. ಹಂಡ್ಯಾ ಕಂಡಿತು. ಆಟಕ್ಕೆ ಅಲ್ಲ, ನಾನು ಬಲ್ಲೆ, ಅದರ ಕೊರಳಲ್ಲೇ ಇದ್ದೆನಲ್ಲ. ಆ ಹೊತ್ತಿಗೆ ಅದರ ಉಸಿರೇ ಬೇರೆಯಾಗಿತ್ತು. ಯಾರೂ ಕಲಿಸದೆ, ರಕ್ತದಲ್ಲಿ ಬಂದ ಬುದ್ಧಿ ಮೊದಲ ಸಲ ಎದ್ದಿತ್ತು. ಅದು ಸುತ್ತಿ ಬಂದು ಮರಿಗೂ ನೀರಿಗೂ ನಡುವೆ ನಿಂತಿತು. ಕುರಿನಾಯಿ ಮಾಡಬೇಕಾದ ಕೆಲಸವನ್ನು ಸರಿಯಾಗಿ ಮಾಡಿತು. ನಿಂತ ರಭಸಕ್ಕೆ ನಾನು ತೂಗಿ ಮರಿಯ ಕಿವಿಯ ಹಿಂದೆ ಬಡಿದೆ.

ಒಂದು ದಿನದ ಮರಿಯ ತಲೆ ಎಷ್ಟು ಗಟ್ಟಿ ಇರುತ್ತದೆ? ಅದು ಸದ್ದಿಲ್ಲದೆ ಮಲಗಿತು. ಮೂಗಿನಿಂದ ಸ್ವಲ್ಪ ರಕ್ತ ಬಂತು. ಏಳಿಸಲೆಂದು ಹಂಡ್ಯಾ ಅದನ್ನು ನೆಕ್ಕಿತು.

ಮಾಳಪ್ಪ ಬಂದು ನೋಡಿದ್ದು ಅದನ್ನೇ. ಸತ್ತ ಮರಿ, ಮೇಲೆ ನಾಯಿ, ನಾಯಿಯ ಮೂತಿಯಲ್ಲಿ ರಕ್ತ. ಮರಿಯ ರುಚಿ ಕಂಡ ನಾಯಿಯನ್ನು ಹಿಂಡಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಅದು ಕುರಿಯವರ ಕಟ್ಟಳೆ. ಅವನು ಕೈಯಲ್ಲಿದ್ದ ಕೋಲಿನಿಂದ ಎರಡು ಬಾರಿಸಿದ. ಹಂಡ್ಯಾ ಓಡಲಿಲ್ಲ, ಮಲಗಿಕೊಂಡಿತು. ಆಮೇಲೆ ಕಲ್ಲು ತೆಗೆದುಕೊಂಡ.

‘ಹೋಗು. ಇನ್ನ ನನಗ ಮಾರಿ ತೋರಸಬ್ಯಾಡ’ ಎಂದ. ಆಗಲೂ ನನ್ನನ್ನು ಬಿಚ್ಚಲಿಲ್ಲ. ಆಣೆ ಇತ್ತಲ್ಲ.

ನಾವು ಹೋದೆವು. ಹಂಡ್ಯಾ ತಲೆ ತಗ್ಗಿಸಿ ಕುಂಟುತ್ತ, ನಾನು ಅದರ ಕೊರಳಲ್ಲಿ ನೆಲ ಗೀರುತ್ತ. ಕೊಂದವನು ನಾನು, ಕಲ್ಲು ತಿಂದದ್ದು ಅದು. ಬಾಯಿ ಇಲ್ಲದ ವಸ್ತು ಎಂದು ನನ್ನನ್ನು ನಾನೇ ಅಷ್ಟು ಬೈದುಕೊಂಡದ್ದು ಹಿಂದೆಂದೂ ಇಲ್ಲ.

ಒಂದು ಹಳ್ಳದ ಬದಿಗೆ ಪೀಕಜಾಲಿಯ ಮುಳ್ಳುಪೊದೆ ದಟ್ಟವಾಗಿ ಬೆಳೆದಿತ್ತು. ಅದರೊಳಗೆ ನುಸುಳಿ ಹೋಗುವಾಗ ನಾನು ಎರಡು ಬೊಡ್ಡೆಗಳ ನಡುವೆ ಅಡ್ಡಲಾಗಿ ಸಿಕ್ಕಿಕೊಂಡೆ. ನಾಯಿ ಎಳೆಯಿತು. ಹಗ್ಗ ಬಿಗಿಯಿತು. ಹಿಂದೆ ಬರಲು ಅದಕ್ಕೆ ತಿಳಿಯಲಿಲ್ಲ, ಮುಂದೆ ಹೋಗಲು ನಾನು ಬಿಡಲಿಲ್ಲ. ಆ ಹಗಲು ಹೋಯಿತು, ರಾತ್ರಿಯೂ ಹೋಯಿತು. ಹತ್ತು ಮಾರಿನ ಕೆಳಗೆ ಹಳ್ಳದ ನೀರು ಹರಿಯುವ ಸದ್ದು. ಅದರ ನಾಲಿಗೆ ಒಣಗಿ ಹಂಚಿನಂತಾಯಿತು.

ಈಗ ಹೇಳುವುದು ನಾನು ಕಣ್ಣಾರೆ ಕಂಡದ್ದಲ್ಲ, ಆಮೇಲೆ ಹೊಳೆವ್ವ ಹೇಳಿದ್ದು. ಮಾಳಪ್ಪ ಸತ್ತ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊಸ ಹೊಲಕ್ಕೆ ಹೋದ. ‘ನಿನ್ನ ಹಂಡ್ಯಾ ಮಾಡಿದ್ದ ನೋಡು’ ಎಂದು ಅವಳ ಮುಂದೆ ಇಟ್ಟ. ಅವಳು ಮರಿಯನ್ನು ಮಗ್ಗುಲು ತಿರುಗಿಸಿ ಕುತ್ತಿಗೆ, ತೊಡೆ, ಹೊಟ್ಟೆ ಎಲ್ಲ ಬೆರಳಾಡಿಸಿ ನೋಡಿದಳು.

‘ಹಲ್ಲ ಎಲ್ಲಿ ನಟ್ಟೈತಿ ತೋರಸ್ರಿ.’

ಅವನು ಬಗ್ಗಿ ಮರಿಯ ಮೈ ಹುಡುಕಿದ.

‘ಕಿವಿ ಹಿಂದ ಬಾತೈತಿ. ಇದು ಕಡದದ್ದಲ್ಲ, ಬಡದದ್ದು. ಯಾವುದ ಬಡದದ್ದು ಅಂತ ನಾ ಹೇಳಲೋ, ನೀವ ಹೇಳತೀರೋ?’

ಮಾಳಪ್ಪ ರುಮಾಲು ತೆಗೆದ. ನೆಲಕ್ಕೆ ಬಡಿಯಲಿಲ್ಲ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡನಂತೆ.

ಮರುದಿನ ಬೆಳಿಗ್ಗೆ ಅವನ ಧ್ವನಿ ನಮಗೆ ಕೇಳಿಸಿತು. ದೂರದಿಂದ ‘ಹಂಡ್ಯಾ’ ಎಂದು ಕರೆಯುತ್ತ ಬರುತ್ತಿದ್ದ. ಮೊದಲು ಜೋರಾಗಿ, ಆಮೇಲೆ ಗಂಟಲು ಒಡೆದು, ಆಮೇಲೆ ಬರೀ ಉಸಿರಿನಲ್ಲಿ. ನಾಯಿಯ ಮೈ ನಡುಗಿತು. ಅದು ಹೊಟ್ಟೆಯನ್ನು ಮಣ್ಣಿಗೆ ಒತ್ತಿ, ಕಿವಿ ಮಡಚಿ, ಉಸಿರು ಹಿಡಿದು ಮಲಗಿತು. ಅವನು ನಮ್ಮಿಂದ ಎಂಟು ಹತ್ತು ಹೆಜ್ಜೆ ಆಚೆ ನಿಂತ. ಅವನ ಕಾಲು ಕಾಣುತ್ತಿತ್ತು, ಕೆರದ ಹರಿದ ಉಂಗುಟ ಕಾಣುತ್ತಿತ್ತು. ಒಂದು ಸಲ ಕುಂಯ್ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಬಾಯಾರಿ ಸಾಯುವುದಕ್ಕಿಂತ ಆ ಹೆಸರಿಗೆ ಅದು ಹೆಚ್ಚು ಹೆದರಿತ್ತು. ಅಷ್ಟು ಚೆನ್ನಾಗಿ ನಾವಿಬ್ಬರೂ ಅದಕ್ಕೆ ಕಲಿಸಿದ್ದೆವು, ಮಾಳಪ್ಪ ಮತ್ತು ನಾನು.

ಕಾಲುಗಳು ದೂರ ಹೋದವು.

ಮಧ್ಯಾಹ್ನ ಇಬ್ಬರೂ ಬಂದರು. ಈ ಸಲ ಕೂಗಿಲ್ಲ. ಹೊಳೆವ್ವನ ಧ್ವನಿ ಮಾತ್ರ. ‘ಇಲ್ಲಿ ನೋಡ್ರಿ. ನಾಯಿ ಹೆಜ್ಜಿ, ನಡಬರಕ ಕೊರಡ ಎಳದ ಗೆರಿ. ಗೆರಿ ಹಿಡದ ಬರ್ರಿ. ಕರೀಬ್ಯಾಡ್ರಿ ಮತ್ತ.’

ಮಾಳಪ್ಪ ಮುಳ್ಳು ಸರಿಸಿ ಮೊಣಕಾಲೂರಿ ಒಳಗೆ ಬಂದ. ನಾಯಿ ಹಲ್ಲು ತೋರಿಸಲಿಲ್ಲ, ಬಾಲ ಆಡಿಸಲಿಲ್ಲ. ಅವನು ಕುಡಗೋಲು ತೆಗೆದು ಹಗ್ಗಕ್ಕೆ ಇಟ್ಟ. ಕೈ ನಿಂತಿತು. ಇನ್ನೊಂದು ಕೈ ತಾನಾಗಿ ನಡುವಿನ ಚೀಲಕ್ಕೆ ಹೋಯಿತು.

‘ಆಣಿ...’ ಎಂದ.

ಮುಳ್ಳಿನ ಆಚೆಯಿಂದ ಹೊಳೆವ್ವ ಹೇಳಿದಳು: ‘ಆಡಿದ ಮಾತ ಹಿಂದಕ್ಕ ತಗೊಂಡ್ರ ದೇವರೇನ ಸಾಯಂಗಿಲ್ಲ. ನಾಯಿ ಸಾಯತೈತಿ.’

ಅವನು ಚೀಲ ಬಿಚ್ಚಿ ಚಿಟಿಕೆ ಭಂಡಾರ ತೆಗೆದು ತನ್ನ ಹಣೆಗೆ ಹಚ್ಚಿಕೊಂಡ. ‘ತಪ್ಪು ನಂದು. ಶಿಕ್ಷಾನೂ ನನಗ ಕೊಡಪಾ’ ಎಂದು ಹಗ್ಗ ಕೊಯ್ದ. ಆಗ ಮೊದಲ ಸಲ ನಾಯಿಯ ಮೊಣಕಾಲು ನೋಡಿದ. ಕೂದಲು ಉದುರಿ, ತೊಗಲು ಸುಲಿದು, ಎರಡೂ ಕಾಲು ಬಾತು ಗಂಟಾಗಿದ್ದವು. ನನ್ನನ್ನು ಎತ್ತಿ ಹಿಡಿದ. ನನ್ನ ಒಂದು ತುದಿಯಲ್ಲಿ ರಕ್ತ ಒಣಗಿತ್ತು, ನಾಯಿಯ ಬಿಳಿ ಕೂದಲೂ ಕುರಿಮರಿಯ ಕರಿ ಉಣ್ಣೆಯೂ ಅಂಟಿದ್ದವು. ಅವನು ನನ್ನನ್ನೇ ನೋಡುತ್ತ ಕುಳಿತ. ಅವನ ಕೈಯಿಂದ ಜಾರಿ ಕೆಳಗಿನ ಹಳ್ಳಕ್ಕೆ ಬಿದ್ದು ಹೋದರೆ ಸಾಕಪ್ಪ ಎನಿಸಿತು ನನಗೆ.

ಕುರಿಯನ್ನು ಹೊರುವ ಹಾಗೆ ಹಂಡ್ಯಾನನ್ನು ಹೆಗಲ ಮೇಲೆ ಹೊತ್ತು ಹಳ್ಳಕ್ಕೆ ಇಳಿದ. ಹೆದರಿಕೆಗೆ ನಾಯಿ ಅವನ ಬೆನ್ನಿನ ಮೇಲೆ ಉಚ್ಚೆ ಹೊಯ್ದಿತು. ಅವನು ಒರೆಸಿಕೊಳ್ಳಲಿಲ್ಲ. ‘ಇರಲಿ’ ಎಂದ, ಅಷ್ಟೇ.

ಎರಡು ತಿಂಗಳಿಗೆ ಗಾಯ ಮಾಯಿತು. ಎಡಗಾಲು ಮಾತ್ರ ಸ್ವಲ್ಪ ಪೆಡಸಾಗಿ ಉಳಿಯಿತು. ಒಂದೂವರೆ ವರ್ಷ ತುಂಬುವ ಹೊತ್ತಿಗೆ ಹಂಡ್ಯಾ ಯಾರೂ ಬಡಿಯದೆ, ಯಾರೂ ಕೂಗದೆ, ತಾನಾಗಿ ನೆಟ್ಟಗಾಯಿತು. ಹರೆಯ ಬಂದ ಹಾಗೆ ಹೋಯಿತು. ಮರಿಗಳು ಅದರ ಹೊಟ್ಟೆಗೆ ಒರಗಿ ಮಲಗುತ್ತಿದ್ದವು. ತೋಳ ಬಂದ ಒಂದು ನಸುಕಿನಲ್ಲಿ ಒಂಟಿಯಾಗಿ ಎದುರು ನಿಂತು, ಒಂದು ಕುರಿಯನ್ನೂ ಬಿಟ್ಟುಕೊಡಲಿಲ್ಲ. ಅಂಥ ನಾಯಿ ಸುತ್ತಲ ಹಿಂಡುಗಳಲ್ಲಿ ಇರಲಿಲ್ಲ.

ಆದರೆ ಮಾಳಪ್ಪ ಹೆಸರು ಹಿಡಿದು ಕರೆದರೆ ಬರುತ್ತಿರಲಿಲ್ಲ. ಕಿವಿ ಮಡಚಿ, ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಅವನು ಹಾಲು ಇಟ್ಟು ಕರೆದ, ರೊಟ್ಟಿ ಹಿಡಿದು ಕರೆದ, ಮೆತ್ತಗೆ ಕರೆದ. ಒಂದು ಸಲ ಹೆಸರು ಬದಲಿಸಿಯೂ ನೋಡಿದ. ನಾಯಿಗೆ ಧ್ವನಿ ಗೊತ್ತಿತ್ತು. ಕಡೆಗೆ ಕರೆಯುವುದನ್ನೇ ಬಿಟ್ಟ. ನಾಯಿ ಬೇಕಾದಾಗ ಅದು ಇದ್ದಲ್ಲಿಗೆ ತಾನೇ ನಡೆದು ಹೋಗುತ್ತಿದ್ದ, ಉರಿಬಿಸಿಲಿನಲ್ಲಿ ಹೊಲದ ಈ ತುದಿಯಿಂದ ಆ ತುದಿಗೆ. ‘ಮಾಳಪ್ಪ ಬೀಗರ ಮನಿಗಿ ಹೊಂಟಂಗ ನಾಯಿಗಿ ಮುಯ್ಯಿ ಒಯ್ಯಾಕತ್ತಾನ’ ಎಂದು ಮಂದಿ ನಗುತ್ತಿದ್ದರು. ಇದಕ್ಕಿಂತ ಕಡಿಮೆ ಮಾತಿಗೆ ಹಿಂದೆ ಕೈ ಎತ್ತಿದವನು ಅವನು. ಈಗ ತಲೆ ತಗ್ಗಿಸಿ ನಡೆಯುತ್ತಿದ್ದ.

ನನ್ನನ್ನು ಒಲೆಗೆ ಹಾಕೆಂದು ಹೊಳೆವ್ವ ಹೇಳಿದಳು. ‘ಬ್ಯಾಡ, ಇರಲಿ. ಸುಟ್ಟರ ಮರತ ಬಿಡತೇನಿ’ ಎಂದು ಅವನು ನನ್ನನ್ನು ಸಾಮಾನಿನ ಗಂಟಿನಲ್ಲಿ ಇಟ್ಟ.

ಮೂರು ವರ್ಷದ ಮೇಲೆ, ಉಣ್ಣೆ ಕತ್ತರಿಸುವ ಒಂದು ದಿನ. ಆ ಕೆಲಸಕ್ಕೆ ಕುರಿಯವರು ಒಬ್ಬರಿಗೊಬ್ಬರು ಆಗುತ್ತಾರೆ. ಎಂಟು ಹತ್ತು ಗಂಡಸರು ಸಾಲಾಗಿ ಕುಳಿತು ಕತ್ತರಿ ಆಡಿಸುತ್ತಿದ್ದರು. ಅವರಲ್ಲಿ ರೇವಪ್ಪ ಎಂಬ ಪಕ್ಕದ ಹಿಂಡಿನವನು ಕತ್ತರಿ ಕೆಳಗಿಟ್ಟು ಕೇಳಿದ.

‘ಮಾಂವಾ, ನಿನ್ನ ಹಂತ್ಯಾಕ ಒಂದ ಕೊರಡ ಐತಂತಲ್ಲ, ಹೆಸರ ಬಿದ್ದದ್ದು. ತಿಂಗಳ ಮಟ್ಟಿಗೆ ಕೊಡು. ನಮ್ಮ ನಾಯಿ ಹತ್ತ ತಿಂಗಳದ್ದು, ಒಂದ ಮಾತ ಕೇಳವಲ್ದು. ಮರಿ ಬೆನ್ನ ಹತ್ತತೈತಿ.’

‘ಇಲ್ಲ’ ಎಂದ ಮಾಳಪ್ಪ.

‘ಅಲ್ಲೇ ಗಂಟನ್ಯಾಗ ಕಾಣಸಾಕತ್ತೈತಿ. ಇಲ್ಲ ಅಂತೀಯಲ್ಲ.’

‘ಐತಿ. ಕೊಡಂಗಿಲ್ಲ.’

‘ಯಾಕ, ಸವೀತೈತೇನ?’ ಎಂದ ರೇವಪ್ಪ. ಮಂದಿ ನಕ್ಕರು.

ಮಾಳಪ್ಪ ಕತ್ತರಿಯ ಕೆಳಗಿದ್ದ ಕುರಿಯನ್ನು ಬಿಟ್ಟುಬಿಟ್ಟ. ಅರ್ಧ ಬೋಳಾದ ಕುರಿ ಎದ್ದು ಓಡಿತು. ಅವನು ಎಲ್ಲರ ಮುಂದೆ ಹೇಳಿದ. ಗೌಡರ ಹೊಲದ ನಗೆ, ಆಣೆ, ಮೊಣಕಾಲು, ಕಾಲುವೆಯ ದಂಡೆ, ಕಲ್ಲು, ಪೀಕಜಾಲಿ, ಒಂದನ್ನೂ ಬಿಡಲಿಲ್ಲ. ಭಂಡಾರದ ಆಣೆ ಮುರಿದದ್ದನ್ನು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಜಕ್ಕಪ್ಪ ಮುದುಕ ತೀರಿಕೊಂಡಿದ್ದ, ಅವನಿಗೂ ಹೇಳಿರಲಿಲ್ಲ. ಹೇಳುವಾಗ ಕಣ್ಣು ಯಾರ ಮೇಲೂ ಇರಲಿಲ್ಲ, ಕತ್ತರಿಯ ಮೇಲಿತ್ತು.

‘ಮರಿ ಕೊಂದದ್ದು ನಾಯಿ ಅಂತ ಇಷ್ಟ ದಿನಾ ನೀವೆಲ್ಲಾ ತಿಳಕೊಂಡೀರಿ. ನಾನೂ ಸುಮ್ಮ ಬಿಟ್ಟಿದ್ದೆ. ನಾಯಿ ಕೊಂದಿಲ್ಲ. ಕೊರಡ ಕೊಂದೈತಿ. ಕೊರಡ ಕಟ್ಟಿ ಕರದಾಂವ ನಾ.’

ಆಣೆ ಮುರಿದವನ ಕೈಯಲ್ಲಿ ನೀರು ಕುಡಿಯಬಾರದು ಎನ್ನುವವರೂ ಆ ಸಾಲಿನಲ್ಲಿದ್ದರು. ಒಬ್ಬ ಎದ್ದು ತನ್ನ ಕತ್ತರಿ ತೆಗೆದುಕೊಂಡು ಹೋಗಿಯೇಬಿಟ್ಟ. ಮಾಳಪ್ಪ ತಡೆಯಲಿಲ್ಲ.

ರೇವಪ್ಪ ಕೇಳಿದ: ‘ಹಂಗಾರ ನಾ ಏನ ಮಾಡ್ಲಿ ಮಾಂವಾ?’

‘ದೊಡ್ಡ ನಾಯಿ ಜೋಡಿ ಬಿಡು. ಮರಿ ಸನೇಕ ಒಂಟಿ ಬಿಡಬ್ಯಾಡ. ಕೇಳದಿದ್ರ ನೀನ ಹೋಗಿ ಹಿಡಕೊಂಡ ಬಾ. ಒಂದ ವರ್ಷ ತಡಿ.’

‘ಒಂದ ವರ್ಷ ತಡ್ಯಾಕ ಆಗತೈತೇನ?’

‘ನನಗ ಆಗಲಿಲ್ಲ’ ಎಂದ ಮಾಳಪ್ಪ.

ರೇವಪ್ಪ ಹೊಲದ ಆಚೆ ಬೇವಿನ ನೆರಳಿನಲ್ಲಿ ಮಲಗಿದ್ದ ಹಂಡ್ಯಾನ ಕಡೆ ನೋಡಿದ. ‘ಈಗೂ ಕರದ್ರ ಬರಂಗಿಲ್ಲೇನ?’

ಎಲ್ಲರ ಕಣ್ಣೂ ಆ ಕಡೆ ಹೋದವು.

ಮಾಳಪ್ಪ ಕರೆಯಲಿಲ್ಲ. ಮೈಮೇಲಿನ ಉಣ್ಣೆ ಕೊಡವಿಕೊಂಡು ಎದ್ದ. ಬಿಸಿಲಿನಲ್ಲಿ ಹೊಲ ದಾಟಿ ನಡೆದ. ನಾಯಿ ತಲೆ ಎತ್ತಿ ಅವನು ಬರುವುದನ್ನೇ ನೋಡಿತು. ಓಡಿ ಎದುರು ಬರಲಿಲ್ಲ, ಹಿಂದೆಯೂ ಸರಿಯಲಿಲ್ಲ. ಅವನು ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ನೆರಳು ಇಬ್ಬರಿಗೆ ಸಾಲದಷ್ಟು ಚಿಕ್ಕದಿತ್ತು. ಹಂಡ್ಯಾ ಎದ್ದು ಸ್ವಲ್ಪ ಆಚೆ ಜರುಗಿ, ಬೆನ್ನನ್ನು ಬಿಸಿಲಿಗೆ ಮಾಡಿ ಮತ್ತೆ ಮಲಗಿತು.

ನಾನಿದ್ದ ಗಂಟಿನಿಂದ ಅವರ ಮುಖ ನನಗೆ ಕಾಣಲಿಲ್ಲ.

ಆಮೇಲೆ ಹಂಡ್ಯಾ ಮುದಿಯಾಗಿ ಒಂದು ಚಳಿಗಾಲದಲ್ಲಿ ತೀರಿಕೊಂಡಿತು. ಮಾಳಪ್ಪನ ಕಾಲೂ ಸೋತು, ಹಿಂಡನ್ನು ಅಣ್ಣನ ಮಕ್ಕಳಿಗೆ ಒಪ್ಪಿಸಿ ಊರು ಸೇರಿದ. ನಾನು ಅವನ ಮನೆಯ ಜೋಳದ ಚೀಲದ ಕೆಳಗೆ, ತೇವ ತಾಗದಂತೆ ಅಡ್ಡ ಇಟ್ಟ ಕಟ್ಟಿಗೆಯಾಗಿದ್ದೇನೆ. ಒಂದು ತುದಿಗೆ ಗೆದ್ದಲು ಹತ್ತಿದೆ. ಬಡಿಯಲಾರೆ, ತೂಗಲಾರೆ. ಹೊರುವ ಕೆಲಸ ಒಳ್ಳೆಯದು, ಯಾರಿಗೂ ನೋವಾಗುವುದಿಲ್ಲ.

ನನ್ನಿಂದ ನೆಟ್ಟಗಾದ ಆಡು, ಟಗರು, ಕರುಗಳನ್ನು ಲೆಕ್ಕ ಹಾಕಿ ಒಂದು ಕಾಲದಲ್ಲಿ ಉಬ್ಬುತ್ತಿದ್ದೆ. ಈಗ ಅವು ಯಾವುವೂ ನೆನಪಾಗುವುದಿಲ್ಲ. ಮುಳ್ಳಿನ ಪೊದೆಯಲ್ಲಿ ಉಸಿರು ಬಿಗಿಹಿಡಿದು ಮಲಗಿದ ಒಂದು ಮೈಯ ನಡುಕ ಮಾತ್ರ ನನ್ನ ನಾರಿನಲ್ಲಿ ಉಳಿದಿದೆ. ತನ್ನನ್ನು ಪ್ರೀತಿಸುವವನೊಬ್ಬ ಹತ್ತು ಹೆಜ್ಜೆ ದೂರದಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಿದ್ದ. ಅದನ್ನು ಕೇಳಿ ಆ ನಾಯಿ ನಡುಗುತ್ತಿತ್ತು. ಗೆದ್ದಲು ಆ ಭಾಗವನ್ನು ಇನ್ನೂ ಮುಟ್ಟಿಲ್ಲ.